ಮೇಲ್ತುಟಿಯ ಬೆಲ್ಲ

ಮೊಮ್ಮಗ ಮಾತಾಡುವಾಗ ಅಜ್ಜಿಯ ತುಟಿಗಳೂ ಸದ್ದಿಲ್ಲದೆ ಅಲುಗುತ್ತಿದ್ದವು. ಮಗುವಿನ ಬಾಯಿ ಮುಚ್ಚಿದರೆ ಅವರದೂ ಮುಚ್ಚುತ್ತಿತ್ತು, ತೆರೆದರೆ ತೆರೆಯುತ್ತಿತ್ತು. ಎಲೆಯಡಿಕೆಯಿಂದ ಕೆಂಪಾದ ನಾಲಗೆಯ ತುದಿ ಹಲ್ಲಿನ ಹಿಂದೆ ಕಾಣಿಸಿ ಮರೆಯಾಗುತ್ತಿತ್ತು. ಮೊದಮೊದಲು ನನಗೆ ನಗು ಬರುತ್ತಿತ್ತು. ಅವರು ಕಿವಿಗೊಡುತ್ತಿದ್ದ ಬಗೆಯೇ ಅದು ಎಂದು ತಿಳಿಯಲು ತಡವಾಯಿತು.

ಮೂವತ್ತರ ದಶಕದಲ್ಲಿ ನಾನು ಕಾರವಾರದ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಪಕ್ಕದ ಬಾಡಿಗೆ ಮನೆಗೆ ಮದ್ರಾಸಿನ ಕಡೆಯ ತಮಿಳು ಸಂಸಾರವೊಂದು ಬಂತು. ಈ ಅಜ್ಜಿ ಆ ಮನೆಯವರು; ಅವರ ಮಗ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತ. ಸೊಸೆ ಎರಡನೆಯ ಬಾಣಂತನಕ್ಕೆ ತವರಿಗೆ ಹೋಗಿದ್ದರು. ಮೂರೂವರೆ ವರ್ಷದ ಮೊಮ್ಮಗನನ್ನು ನೋಡಿಕೊಳ್ಳುವವರು ಅಜ್ಜಿಯೇ.

ಮಗುವಿಗೆ ರಕಾರ ಬರುತ್ತಿರಲಿಲ್ಲ. ಡಿಪೋದ ದಿಮ್ಮಿಗಳನ್ನು ನೋಡಿ ಬಂದರೆ "ಮಯಂ, ಮಯಂ" ಎನ್ನುತ್ತಿದ್ದ. "ಆಮಾ, ಮರಂ. ಪೆರಿಯ ಮರಂ" ಎಂದು, ಹೌದು, ದೊಡ್ಡ ಮರ ಎಂದು, ಅಜ್ಜಿ ಮಾತು ಮುಂದುವರಿಸುತ್ತಿದ್ದರು. ಮತ್ತೊಮ್ಮೆ ಹೇಳು ಎಂದು ಕೇಳಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಗುಮಾಸ್ತರಿಗೆ ಅಷ್ಟು ತಾಳ್ಮೆ ಇರಲಿಲ್ಲ. "ಮಾಸ್ತರೇ, ನಾಳೆ ನಿಮ್ಮ ಶಾಲೆಗೇ ಹಾಕ್ಬೇಕು. ಹುಡುಗ್ರು ನಗೋದಿಲ್ವಾ? ನೀವು ಸ್ವಲ್ಪ ತಿದ್ದಿ" ಎಂದರು. ದಿನಾ ಸಂಜೆ ಜಗುಲಿಯ ಮೇಲೆ ಕೂಡಿಸಿಕೊಂಡು ತಿದ್ದಿದೆ. "ರ" ಅನ್ನು ಎಂದರೆ "ಯ" ಎನ್ನುತ್ತಿದ್ದ. ನಾಲಗೆ ಎತ್ತು ಎಂದರೆ ಗದ್ದ ಎತ್ತುತ್ತಿದ್ದ. ವಾರ ಕಳೆಯುವಷ್ಟರಲ್ಲಿ ನನ್ನನ್ನು ಕಂಡರೆ ಬಾಗಿಲ ಹಿಂದೆ ಅಡಗತೊಡಗಿದ.

"ಬಿಡು ಮಾಸ್ತರ್, ಬರ್ತದೆ" ಎಂದರು ಅಜ್ಜಿ. ನನ್ನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು. "ಮೊದಲ್ ತುಟಿ ಸದ್ದು ಬರ್ತದೆ. ಆಮೇಲ್ ಹಲ್ಲು. ಕಡೇಗೆ ನಾಲಗೆ ಮೇಲ್ ಹೋಗ್ತದೆ. ನಂಗೆ ಏಳು ಮಕ್ಕಳ್. ಏಳೂ ಹಂಗೇ." ಮಗನತ್ತ ಕೈ ತೋರಿಸಿ, "ಇವನ್ ಐದು ವರ್ಷ ಮಯಂ ಹೇಳ್ದ. ಈಗ ಅದನ್ನೇ ಎಣಿಸ್ತಾನೆ!" ಎಂದು ನಕ್ಕರು.

ಗುಮಾಸ್ತರ ಮುಖ ಕೆಂಪಾಯಿತು. "ಅವ್ರಿಗೇ ಮಾತು ನೆಟ್ಟಗೆ ಬರೋದಿಲ್ಲ ಮಾಸ್ತರೇ. ಮಗೂಗೆ ಏನ್ ಕಲಿಸ್ತಾರೆ?"

ನಾನೂ ನಕ್ಕೆ. ಅವರ ಕನ್ನಡ ಹರುಕುಮುರುಕಾಗಿತ್ತು. ಆದ್ದರಿಂದ ಅವರಿಗೆ ತಿಳಿದದ್ದೂ ಹರುಕುಮುರುಕೇ ಎಂದು ನಾವಿಬ್ಬರೂ ಎಣಿಸಿದೆವು.

ಮುಂದಿನ ತಪ್ಪು ಪೂರ್ತಿ ನನ್ನದು. ನನ್ನ ಊರು ಅಂಕೋಲೆಯ ಹತ್ತಿರದ ಶೆಟಗೇರಿ. ಆ ಕಡೆ ನಾಲಗೆಯ ಅಡಿಯ ನರ ಕೊಯ್ದು ತೊದಲು ಬಿಡಿಸುವವನೊಬ್ಬನಿದ್ದ. "ನಾಲಗೆ ಕಟ್ಟಿರಬೇಕು, ಕೊಯ್ಸಿಬಿಡಿ" ಎಂದೆ. ಭಾನುವಾರ ಹೋಗುವುದೆಂದು ನಿಶ್ಚಯವಾಯಿತು.

ಶನಿವಾರ ಸಂಜೆ ಅಜ್ಜಿ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು. ಜೋನಿಬೆಲ್ಲವನ್ನು ಬೆರಳಿಗೆ ತೆಗೆದು ಮಗುವಿನ ಮೇಲ್ತುಟಿಗೆ, ಮೂಗಿನ ಹತ್ತಿರದವರೆಗೆ ಹಚ್ಚಿದರು. ನಾಲಗೆ ಹೊರಬಂತು, ಮೇಲೇರಿತು, ಈ ಕೊನೆಯಿಂದ ಆ ಕೊನೆಗೆ ಸರಿದು ಚೂರೂ ಬಿಡದೆ ನೆಕ್ಕಿತು.

"ಎಲ್ಲಿ ಕಟ್ಟಿದೆ? ನೋಡಿದೆಯಾ ಮಾಸ್ತರ್?"

"ನೋಡಿದೆ" ಎಂದೆ.

"ನನ್ ಮಗನಿಗೆ ಹೇಳು. ನಾನ್ ಹೇಳಿದ್ರೆ ಕೇಳೋದಿಲ್ಲ."

ನಾನು ಹೇಳಲಿಲ್ಲ. ಹೇಳಿದರೆ ನನ್ನ ಸಲಹೆಯನ್ನು ನಾನೇ ತಪ್ಪೆಂದು ಒಪ್ಪಬೇಕಿತ್ತು. ಕಾರಣ ಅಷ್ಟೇ. ಬೇರೊಂದನ್ನು ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ.

ಅಜ್ಜಿಯನ್ನು ಮನೆಯಲ್ಲೇ ಬಿಟ್ಟು ಹೊರಟೆವು. ಬಸ್ಸು ಅಮದಳ್ಳಿ ದಾಟುವವರೆಗೂ ಮಗು ಹೊರಗೆ ಬೆರಳು ಮಾಡಿ "ಮಯಂ, ಮಯಂ" ಎನ್ನುತ್ತಿದ್ದ. "ಹೆದ್ರೂದ್ ಎಂತಕೆ? ಇರುವೆ ಕಚ್ದಂಗೆ, ಅಷ್ಟೇಯ. ಮಾಸ್ತರು ತಲೆ ಹಿಡ್ಕಣಿ" ಎಂದ ಕೊಯ್ಯುವವನು. ಹಿಡಿದೆ. ರಕ್ತ ನನ್ನ ಎಡಗೈಯ ಮಣಿಕಟ್ಟಿನವರೆಗೆ ಇಳಿಯಿತು.

ಹದಿನೇಳು ದಿನ ಮಗು ಮಾತಾಡಲಿಲ್ಲ. ಹದಿನೆಂಟನೆಯ ದಿನ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದ. ತಾಯಿ ಹಸುಗೂಸಿನೊಡನೆ ಮರಳಿದ ಮೇಲೂ ಬಹುಕಾಲ ಆ ಕಿವಿಗೆ ಮಾತ್ರ ಹೇಳಿದ. ಅಜ್ಜಿ ನನ್ನನ್ನು ಬೈಯಲಿಲ್ಲ. ಒಂದೇ ಸಲ, ಬಾವಿಕಟ್ಟೆಯ ಹತ್ತಿರ, "ನೀನ್ ನೋಡಿದ್ದೆ ಮಾಸ್ತರ್" ಎಂದರು.

ರಕಾರ ಬಂತು. ಐದು ತುಂಬಿದ ಮೇಲೆ, ಯಾರೂ ಹೇಳಿಸದೆ, ಒಂದು ಮಧ್ಯಾಹ್ನ "ಮರಂ" ಎಂದ. "ಅಂತೂ ಕೊಯ್ಸಿದ್ದಕ್ಕೆ ಬಂತು" ಎಂದು ಗುಮಾಸ್ತರು ಓಣಿಗೆಲ್ಲ ಸಕ್ಕರೆ ಹಂಚಿದರು. ಕೊಯ್ದು ಒಂದೂವರೆ ವರ್ಷವಾಗಿದೆ ಎಂದು ನಾನು ನೆನಪಿಸಿದೆ. "ಗುಣ ನಿಧಾನಕ್ಕೇ ಬರೋದು ಮಾಸ್ತರೇ" ಎಂದರು. ತಮ್ಮ ಜೊತೆಯ ಒಬ್ಬ ನೌಕರನ ಮಗಳನ್ನೂ ಅಂಕೋಲೆಗೆ ಕಳಿಸಿದರು. ಕೊಯ್ಯದಿದ್ದರೂ ಬರುತ್ತಿತ್ತೆಂದು ಈಗ ತೋರಿಸುವುದಾದರೂ ಹೇಗೆ? ನನಗೆ ಇಂದಿಗೂ ಮೈ ಪರಚಿಕೊಳ್ಳುವಂತಾಗುವುದು ಇಲ್ಲಿಯೇ. ಅಜ್ಜಿ ವಾದಿಸಲಿಲ್ಲ. "ಆಮಾ, ಪೆರಿಯ ಮರಂ" ಎಂದು ಮೊಮ್ಮಗನಿಗೆ ಹೇಳಿದರು, ಅಷ್ಟೇ. ಮರುವರ್ಷ ಜ್ವರದಲ್ಲಿ ತೀರಿಕೊಂಡರು.

ಆಮೇಲೆ ನಾನು ಶಾಲೆಯ ಕಪಾಟಿನಲ್ಲಿ ಜೋನಿಬೆಲ್ಲದ ಶೀಶೆಯೊಂದನ್ನು ಇಟ್ಟುಕೊಂಡೆ. ತೊದಲುವ ಮಗುವನ್ನು ಕರೆತಂದು ಯಾರಾದರೂ "ನಾಲಗೆ ಕೊಯ್ಸೂದೇ ಮಾಸ್ತರೇ?" ಎಂದರೆ, ಅವರನ್ನು ಎದುರಿಗೆ ನಿಲ್ಲಿಸಿ ಮಗುವಿನ ಮೇಲ್ತುಟಿಗೆ ಹಚ್ಚುತ್ತೇನೆ. ನಾಲಗೆ ಮೇಲೇರುವಾಗ ನನ್ನ ತುಟಿಯೂ ಅಲುಗುತ್ತದೆ. ಅದು ಮೇಲೆ ಮುಟ್ಟಿದ ಕೂಡಲೇ, ನಿಂತವರೆಲ್ಲರಿಗೂ ಕೇಳುವಂತೆ, "ನೋಡಿದೆ" ಎನ್ನುತ್ತೇನೆ.