ಗಚ್ಚಿನ ಖಾಲಾ ಬಿಡಿಸಿದ ಗೋಡೆ

ಅವರ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಮಸಿಗೆ ಒತ್ತಿ ಹಾಜರಿ ಪುಸ್ತಕದ ಮೇಲೆ ಇಟ್ಟರೆ ನುಣ್ಣನೆಯ ಒಂದು ಕರಿಚುಕ್ಕೆ ಮೂಡುತ್ತಿತ್ತು, ಅಷ್ಟೇ. ಸುಣ್ಣವೇ ತಿಂದು ತಿಂದು ಬೆರಳ ತುದಿಗಳು ಹೊಳೆಯ ಕಲ್ಲಿನ ಹಾಗೆ ನಯವಾಗಿದ್ದವು. ನಾನು ಪುರಸಭೆಯಲ್ಲಿ ಗುಮಾಸ್ತೆಯಾಗಿ ಸೇರಿದ ಮೊದಲ ವಾರ, ಗುರುತು ಸರಿಯಾಗಿ ಬಿದ್ದಿಲ್ಲವೆಂದು ಮೂರು ಸಲ ಒತ್ತಿಸಿದೆ. ಮೂರನೆಯ ಸಲ ಅವರು ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದು, "ನೋಡ್ಕೋ ಬೇಟಿ, ಗೆರಿ ಎಲ್ಲಾ ಊರ ಗೋಡಿಗೆ ಹೋಗ್ಯಾವ. ಬೇಕಂದ್ರ ಅಲ್ಲಿ ಹುಡುಕು" ಎಂದರು.

ಪುರಸಭೆಯ ದಿನಗೂಲಿ ಕೆಲಸದವರಾದ ಅವರನ್ನು ಊರೆಲ್ಲ ಗಚ್ಚಿನ ಖಾಲಾ ಎನ್ನುತ್ತಿತ್ತು. ಖಾಲಾ ಅಂದರೆ ಚಿಕ್ಕಮ್ಮ; ಗಚ್ಚು ಅಂದರೆ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಹಾಕಿ ಅರೆದು ಮಾಡುವ ಹಳೆಯ ಕಾಲದ ಗಾರೆ. ಗಂಡ, ಮಾವ ಇಬ್ಬರೂ ಅದೇ ಕೆಲಸದವರು, ಇಬ್ಬರೂ ತೀರಿಹೋಗಿದ್ದರು. ಮಗ ಹುಣಸಗಿಯಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಮನೆಯಲ್ಲಿ ಸೊಸೆ ಮತ್ತು ಇವರು. ನಮ್ಮದು ಶಹಾಪುರ-ಸುರಪುರ ಸೀಮೆಯ ಒಂದು ಸಣ್ಣ ಊರು. ಅಲ್ಲಿಯೂ ಆಗಲೇ ಸಿಮೆಂಟು ಬಂದು ಗಚ್ಚು ಕೇಳುವವರು ಕಡಿಮೆಯಾಗಿದ್ದರು. ಖಾಲಾಗೆ ಅದರ ಬಗ್ಗೆ ಸಿಟ್ಟಿರಲಿಲ್ಲ, ಕನಿಕರವಿತ್ತು. "ಸುಣ್ಣ ಉಸಿರಾಡ್ತೈತಿ ಬೇಟಿ. ಸಿಮೆಂಟು ಬಾಯಿ ಮುಚಗೊಂಡು ಕುಂತಿರ್ತೈತಿ, ಪಾಪ" ಎನ್ನುತ್ತಿದ್ದರು. ಯಾವ ಗೋಡೆಗೂ ಅವರು ಒರಗಿ ಕೂತದ್ದನ್ನು ನಾನು ಕಾಣೆ. ಹೊಸ ಜಾಗಕ್ಕೆ ಹೋದರೆ ಮೊದಲು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ ಕೇಳುವರು. ಆಮೇಲೆ ಮನುಷ್ಯರೊಡನೆ ಮಾತು.

ಕಾಲುವೆ ನೀರು ಬಂದ ವರ್ಷಗಳವು. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ನಿಂತಿತು. ಊರಿಗೆ ಕಸುವು ಬಂದಿತ್ತು, ಎಲ್ಲರಿಗೂ ಹೊಸದು ಕಟ್ಟುವ ಆಸೆ. ಆ ಹೊತ್ತಿಗೆ ಮೇಲಿನಿಂದ ಒಂದು ಸುತ್ತೋಲೆ ಬಂತು: ಪ್ರತಿ ಊರಿನ ಪುರಸಭೆಯೂ ತನ್ನ ಕಲೆ, ಪರಂಪರೆ, ಸಂಸ್ಕೃತಿಯ ಅಭಿವೃದ್ಧಿಗೆ ಒಂದು ಯೋಜನೆ ಬರೆದು ಕಳಿಸಬೇಕು. ನಮ್ಮ ಅಧ್ಯಕ್ಷರಿಗೆ ಹಿಡಿಸಲಾರದಷ್ಟು ಸಂತೋಷ. ನಮ್ಮ ಕಡತಗಳನ್ನು ಇಟ್ಟಿದ್ದ ಹಳೆ ಸುಂಕದ ನಾಕಾ ಕಟ್ಟಡವನ್ನು ಕೆಡವಿ ಆ ಜಾಗದಲ್ಲಿ ಸಾಂಸ್ಕೃತಿಕ ಭವನ ಕಟ್ಟುವುದೆಂದು ತೀರ್ಮಾನವಾಯಿತು. ಯೋಜನೆ ಬರೆಯುವ ಕೆಲಸ, ಅಕ್ಷರ ಚೆಂದ ಇದೆ ಎಂಬ ಕಾರಣಕ್ಕೆ, ನನ್ನ ಮೇಲೆ ಬಿತ್ತು.

ನಮೂನೆಯಲ್ಲಿ ಒಂದು ಕಾಲಮ್ಮಿತ್ತು: ಊರಿನಲ್ಲಿರುವ, ಕಾಪಾಡಬೇಕಾದ ಹಳೆಯ ಚಿತ್ರ ಮತ್ತು ಶಿಲ್ಪಗಳು. ನಾನು "ಇಲ್ಲ" ಎಂದು ಬರೆದೆ. ಬಾಗಿಲ ಬಳಿ ಕೂತು ಕುಂಚ ತೊಳೆಯುತ್ತಿದ್ದ ಖಾಲಾ, "ಏನು ಬರಿಯಾಕತ್ತೀ?" ಎಂದು ಕೇಳಿದರು. ಓದಿ ಹೇಳಿದೆ.

"ಇಲ್ಲ ಅಂತ ನಿನಗ ಯಾರು ಹೇಳ್ಯಾರ?"

"ಯಾರೂ ಹೇಳಿಲ್ರಿ ಖಾಲಾ. ನಾ ಎಲ್ಲೂ ನೋಡಿಲ್ಲ."

"ನೋಡಿಲ್ಲಂದ್ರ ನೋಡಿಲ್ಲಂತ ಬರಿ. ಇಲ್ಲ ಅಂತ ಯಾಕ ಬರೀತಿ?"

ಅವರು ಒದ್ದೆ ಕೈಯಿಂದಲೇ ನನ್ನ ರಟ್ಟೆ ಹಿಡಿದು ನಾಕಾ ಕಟ್ಟಡಕ್ಕೆ ಕರೆದೊಯ್ದರು. ಕಡತದ ಕೋಣೆಯ ಬಡಗಣ ಗೋಡೆಯ ಮುಂದೆ ನಿಲ್ಲಿಸಿ, "ಇದರೊಳಗ ಒಂದು ತೋಟ ಐತಿ, ಒಂದು ಹೊಳಿ ಐತಿ, ಆನಿ ಅದಾವ" ಎಂದರು. ನನಗೆ ಕಂಡದ್ದು ಬರಿಯ ಬಿಳಿ ಗೋಡೆ.

ಕಡತದ ಗಂಟಿನ ಮೇಲೆ ಕೂತು ಅವರು ಹೇಳಿದ ಸಂಗತಿ ಇದು. ನಿಜಾಮನ ಆಳ್ವಿಕೆ ಮುಗಿದು ಕೆಲವೇ ವರ್ಷವಾಗಿತ್ತು. ಖಾಲಾ ಹೊಸ ಸೊಸೆ. ಗೋಡೆಯ ಮೇಲೆ ಹಳೆಯ ಕಾಲದ ಚಿತ್ರವಿದ್ದ ಈ ಕಟ್ಟಡವನ್ನು ಸುಂಕದ ನಾಕಾ ಮಾಡುವಾಗ ಒಬ್ಬ ಅಧಿಕಾರಿ, ಕಚೇರಿಗೆ ಚಿತ್ರ ಯಾಕೆ, ಎಲ್ಲ ಬಿಳಿ ಮಾಡಿ ಎಂದು ಹುಕುಂ ಕೊಟ್ಟ. "ನಮ್ಮ ಮಾವ ಕುಂಚ ಹಿಡಕೊಂಡು ನಿಂತs ಬಿಟ್ಟ. ಕೈ ಏಳಲಿಲ್ಲ. ಹಚ್ಚಲಿಲ್ಲಂದ್ರ ಕೆಲಸ ಹೋಗ್ತೈತಿ, ಹಚ್ಚಿದ್ರ ಚಿತ್ರ ಹೋಗ್ತೈತಿ. ನನಗ ಆಗ ಏನು ಗೊತ್ತು? ಅಡಗಿ ಒಂದs ಗೊತ್ತಿತ್ತು. ಗಂಜಿ ಒಣಗಿದ ತಟ್ಟಿ ಮ್ಯಾಲ ಏನು ಹಚ್ಚಿದ್ರೂ ಚಕ್ಕಿ ಎದ್ದು ಬರ್ತೈತಿ. ಮಾವಾ, ಮೊದಲ ಜೋಳದ ಗಂಜಿ ಹಚ್ಚೋಣು, ಅದರ ಮ್ಯಾಲ ಸುಣ್ಣ ಅಂದೆ. ಮಾವ ನನ್ನ ಮಾರಿ ನೋಡಿ ಅತ್ತುಬಿಟ್ಟ."

ಆಮೇಲಿನ ಮೂವತ್ತೈದು ವರ್ಷ ಆ ಗೋಡೆಗೆ ಬೇರೆಯವರ ಕೈ ತಾಗದಂತೆ ಅವರು ನೋಡಿಕೊಂಡಿದ್ದರು. ಬೇರೆಯವರಾದರೆ ಹಳೆ ಸುಣ್ಣ ಕೆರೆದು ಹೊಸದು ಹಚ್ಚುತ್ತಾರೆ, ಕೆರೆದರೆ ಒಳಗಿನದು ಹೋಗುತ್ತದೆ. ಪ್ರತಿ ವರ್ಷ ಸುಣ್ಣ ಬಳಿಯುವಾಗ ಖಾಲಾ ಆ ಕೋಣೆಯನ್ನೇ ಹಟ ಹಿಡಿದು ಕೇಳುತ್ತಿದ್ದುದು ನನಗೆ ನೆನಪಾಯಿತು. ನೆರಳಿನ ಕೆಲಸಕ್ಕೆ ಆಸೆಪಡುತ್ತಾರೆ ಎಂದು ನಾವೆಲ್ಲ ನಗುತ್ತಿದ್ದೆವು.

"ಇಷ್ಟು ವರ್ಷ ಯಾಕ ಯಾರಿಗೂ ಹೇಳಲಿಲ್ರಿ?"

"ಹೇಳಿದ್ರ ಯಾವನರ ಹುಚ್ಚ ಬಂದು ಉಳಿ ಹಚ್ಚತಿದ್ದ. ಈಗ ಒಡೀತಾರಂತಲ್ಲ, ಇನ್ನ ಹೇಳಬೇಕು."

ಆಮೇಲೆ ಅವರು ಗೋಡೆಯ ಎಡತುದಿಯಿಂದ ನಡೆಯುತ್ತಾ ಒಳಗೆ ಏನೇನಿದೆ ಎಂದು ಹೇಳತೊಡಗಿದರು. ಇಲ್ಲಿ ಆನೆಯ ಕಾಲು. ಅದರಿಂದ ಎರಡು ಗೇಣು ಮೇಲೆ ಕೊಡ ಹೊತ್ತವಳು, ಕೊಡ ಎಡಗಡೆ. ಕೆಳಗೆ ಹೊಳೆ, ಹೊಳೆಯಲ್ಲಿ ಹರಗೋಲು, ಹರಗೋಲಿನಲ್ಲಿ ಮೂವರು, ಅದರಲ್ಲೊಬ್ಬನಿಗೆ ನಿದ್ದೆ. ಬೇವಿನ ಗಿಡದ ಮೇಲೆ ಹಸಿರು ಗಿಳಿ. ನಾನು ನಮೂನೆಯ ಬೆನ್ನಿಗೆ ಎಲ್ಲ ಬರೆದುಕೊಂಡೆ. ಹದಿನಾರರ ಹರೆಯದಲ್ಲಿ ಗಂಜಿ ಹಚ್ಚುವಾಗ ನೋಡಿದ್ದನ್ನು ಅವರು ಒಂದೂ ಬಿಡದೆ ಹೇಳುತ್ತಿದ್ದರು. ನಂಬುವುದೋ ಬಿಡುವುದೋ ನನಗೆ ತಿಳಿಯಲಿಲ್ಲ.

ಅಧ್ಯಕ್ಷರು ನಂಬಲಿಲ್ಲ. "ಖಾಲಾ, ವಾರದಾಗ ಯೋಜನಾ ಕಳಸಬೇಕು. ಕಥಿ ಕೇಳಾಕ ಟೈಮಿಲ್ಲ" ಎಂದರು.

"ಕಥಿ ಅಲ್ರಿ ಸಾಹೇಬ್ರ, ಗೋಡಿ. ಒಂದು ಮುಂಜಾನಿ ಕೊಡ್ರಿ. ಏನೂ ಸಿಗಲಿಲ್ಲಂದ್ರ ಮೊದಲನೇ ಗುದ್ದಲಿ ಏಟು ನಾನs ಹಾಕ್ತೀನಿ."

ಅವರ ದನಿಯಲ್ಲಿ ಏನಿತ್ತೋ, ಅಧ್ಯಕ್ಷರು ಆಗಲಿ ಎಂದರು.

ಮರುದಿನ ಬೆಳಿಗ್ಗೆ ನಾವು ಏಳೆಂಟು ಜನ ಆ ಕೋಣೆಯಲ್ಲಿ ನಿಂತಿದ್ದೆವು. ಖಾಲಾ ಬಿಸಿನೀರಿನಲ್ಲಿ ಅದ್ದಿದ ಹಳೆ ಧೋತರದ ಬಟ್ಟೆಯನ್ನು ಗೋಡೆಗೆ ಒತ್ತಿ ಹಿಡಿದರು. ಆರಿದರೆ ಮತ್ತೆ ಅದ್ದುವರು, ಮತ್ತೆ ಹಿಡಿಯುವರು. ಹೊತ್ತು ಏರಿತು. ಗೋಡೆ ಬರಿಯ ಒದ್ದೆಯಾಯಿತು, ಮತ್ತೇನಿಲ್ಲ. ಅಧ್ಯಕ್ಷರು ಎರಡು ಸಲ ಗಡಿಯಾರ ನೋಡಿದರು. ಖಾಲಾ ಮಾತ್ರ ಕಿವಿ ಹಚ್ಚಿ, ತಟ್ಟಿ, ಮತ್ತೆ ಕಿವಿ ಹಚ್ಚಿದರು. ಆಮೇಲೆ ತೆಳ್ಳಗೆ ಸೀಳಿದ ಬಿದಿರಿನ ಪಟ್ಟಿಯನ್ನು ಒಂದು ಬಿರುಕಿನೊಳಗೆ ತೂರಿಸಿ ನಿಧಾನವಾಗಿ ಎತ್ತಿದರು. ಮೂವತ್ತೈದು ವರ್ಷದ ಸುಣ್ಣ, ಉಬ್ಬಿದ ರೊಟ್ಟಿಯ ಮೇಲಿನ ಪದರದಂತೆ ಎದ್ದು, ಅಂಗೈ ಅಗಲದ ಚಕ್ಕೆಯಾಗಿ ಅವರ ಕೈಯೊಳಗೆ ಬಂತು.

ಅಲ್ಲಿ ನೀಲಿ ಇತ್ತು. ಅಂಥ ನೀಲಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನೀಲಿಯಲ್ಲಿ ಒಂದು ಮೀನು, ಹುರುಪೆ ಹುರುಪೆಗೂ ಚಿನ್ನದ ಚುಕ್ಕೆ, ನಿನ್ನೆ ಇಟ್ಟಂತೆ.

ಅಧ್ಯಕ್ಷರು ಬಾಗಿಲವರೆಗೆ ಹಿಂದೆ ಸರಿದು ಚಪ್ಪಲಿ ಕಳಚಿ ಬಂದರು. ಯಾಕೆ ಕಳಚಿದರೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ನೋಡಿ ನಾವೂ ಕಳಚಿದೆವು.

ಪೂರ್ತಿ ಗೋಡೆ ಬಿಡಿಸಲು ಹನ್ನೊಂದು ದಿನ ಹಿಡಿಯಿತು. ನಾನು ದಿನವೂ ನನ್ನ ಪಟ್ಟಿ ಹಿಡಿದು ನಿಲ್ಲುತ್ತಿದ್ದೆ. ಆನೆಯ ಕಾಲು ಹೇಳಿದ ಕಡೆಯೇ ಬಂತು. ಎರಡು ಗೇಣು ಮೇಲೆ ಕೊಡ ಹೊತ್ತವಳು ಬಂದಳು, ಕೊಡ ಎಡಗಡೆಯೇ. ಹರಗೋಲಿನಲ್ಲಿ ಒಬ್ಬ ನಿಜವಾಗಿಯೂ ನಿದ್ದೆ ಹೋಗಿದ್ದ. ಗಿಳಿ ಮಾತ್ರ ಕೆಂಪಗೆ ಬಂತು. "ತಪ್ಪಿದ್ರಿ ಖಾಲಾ" ಎಂದು ನಕ್ಕೆ. ಅವರಿಗೆ ರೇಗಿತು. "ಇದು ಬ್ಯಾರೆ ಗಿಳಿ" ಎಂದರು. ಮರುದಿನ ಅದೇ ಗಿಡದ ಇನ್ನೊಂದು ಟೊಂಗೆಯಲ್ಲಿ ಹಸಿರು ಗಿಳಿ ಸಿಕ್ಕಿತು. ಖಾಲಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸುದ್ದಿ ಹರಡಿತು. ಭೀಮರಾಯನಗುಡಿ ಕ್ಯಾಂಪಿನ ಕಾಲುವೆ ಇಂಜಿನಿಯರ್ ಒಬ್ಬರು ಬಂದು ನೋಡಿದರು. ಯಾರಿಗೆ ಪತ್ರ ಬರೆಯಬೇಕೆಂದು ಅವರಿಗೆ ಗೊತ್ತಿತ್ತು. ದೂರದಿಂದ ಹಳೆಯ ಚಿತ್ರಗಳನ್ನು ಕಾಪಾಡುವ ತಜ್ಞರು ಬಂದರು. ಅವರಲ್ಲಿ ಹಿರಿಯರೊಬ್ಬರು ನೆಲದ ಮೇಲೆ ಖಾಲಾ ಎದುರು ಕೂತು, ಗಂಜಿ ಎಷ್ಟು ತೆಳ್ಳಗಿತ್ತು, ಎಷ್ಟು ಸಲ ಹಚ್ಚಿದಿರಿ ಎಂದು ಕೇಳಿ ಕೇಳಿ ಬರೆದುಕೊಂಡರು. ಕೊನೆಗೆ, "ಇದನ್ನ ಎಲ್ಲಿ ಕಲಿತಿರಮ್ಮಾ?" ಎಂದರು.

"ಅಡಗಿ ಮನ್ಯಾಗ" ಎಂದರು ಖಾಲಾ.

ನಮ್ಮ ಯೋಜನೆ ತಡವಾಗಿ ಹೋಯಿತು. ಸಾಂಸ್ಕೃತಿಕ ಭವನವನ್ನು ಸಂತೆ ಮೈದಾನದ ಪಕ್ಕಕ್ಕೆ ಸರಿಸಲಾಯಿತು. ನಾನು ಒಂದೇ ಪದ ಬರೆದಿದ್ದ ಕಾಲಮ್ಮಿಗೆ ಮೂರು ಹಾಳೆ ಅಂಟಿಸಬೇಕಾಯಿತು. ಪುರಸಭೆ ಖಾಲಾಗೆ ಸನ್ಮಾನ ಇಟ್ಟುಕೊಂಡಿತು. ಅಂದು ಕರೆಯಲು ಹೋದರೆ ಅವರು ಯಾರದೋ ಹಿತ್ತಲಲ್ಲಿ ಬಾವಿಯ ಕಟ್ಟೆಗೆ ಗಚ್ಚು ಮೆತ್ತುತ್ತಿದ್ದರು. "ಕಲಸಿದ ಗಚ್ಚು ಕಾಯಂಗಿಲ್ಲ ಬೇಟಿ. ಆ ಶಾಲು ನೀನs ಹೊದ್ಕೊಂಡು ಬಾ" ಎಂದರು. ನಾನೇ ಹೋಗಿ ತಂದೆ. ಅವರು ಅದನ್ನು ಸೊಸೆಗೆ ಕೊಟ್ಟರು.

ಕೆಲವು ವರ್ಷಗಳ ನಂತರ ನನಗೆ ಯಾದಗಿರಿಗೆ ವರ್ಗವಾಯಿತು. ಒಂದು ಬೇಸಿಗೆಯಲ್ಲಿ ಖಾಲಾ ತೀರಿಕೊಂಡ ಸುದ್ದಿ ಬಂತು. ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಸೊಸೆ ನನ್ನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು ಹಿತ್ತಲಿಗೆ ಕರೆದೊಯ್ದಳು. ಅಲ್ಲೊಂದು ಹೊಂಡ, ಗೋಣಿಚೀಲ ಮುಚ್ಚಿತ್ತು. ಸರಿಸಿದರೆ ಗೇಣುದ್ದ ನೀರಿನ ಕೆಳಗೆ ಬೆಣ್ಣೆಯಂತೆ ಸುಣ್ಣ.

"ಹೋದ ವರ್ಷ ಅತ್ತಿನs ಸುಣ್ಣದ ಕಲ್ಲು ಸುಟ್ಟು ಇದರಾಗ ಹಾಕ್ಯಾಳ್ರಿ ಅಕ್ಕಾ. ಇನ್ನೆರಡು ವರ್ಷ ಮುಟ್ಟಬ್ಯಾಡ ಅಂದಾಳ. ಕಾಲುವಿ ತೇವ ಆ ಗೋಡಿಗೆ ಏರಾಕತ್ತೈತಿ, ನಾ ಇರೂತನಕ ಚಿತ್ರಕ್ಕ ಮುಟ್ಟಂಗಿಲ್ಲ, ನಿನ್ನ ಕಾಲಕ್ಕ ಮುಟ್ಟತೈತಿ ಅಂದಾಳ. ಹೆಂಗ ಹಚ್ಚಬೇಕು ಅಂತ ನನ್ನ ಕೈ ಹಿಡದು ಕಲಿಸ್ಯಾಳ."

ಎರಡು ವರ್ಷಕ್ಕೆ ಸರಿಯಾಗಿ ಅವಳ ಪತ್ರ ಬಂತು. ಹೋಗಿ ನೋಡಿದೆ. ಯಾರೋ ಗೋಡೆಯ ಬುಡಕ್ಕೆ ಸಿಮೆಂಟು ಬಳಿಸಿದ್ದರು. ಹೊರಬರಲು ದಾರಿಯಿಲ್ಲದ ತೇವ ಒಳಗಿಂದಲೇ ಮೇಲೇರಿ, ಚಿತ್ರದ ಹೊಳೆಗೆ ನಾಲ್ಕು ಬೆರಳು ಕೆಳಗೆ ನಿಂತಿತ್ತು. ಆ ಕಚೇರಿ ಈ ಕಚೇರಿ ತಿರುಗಿ ನಾನು ಅಪ್ಪಣೆ ತಂದೆ. ಸೊಸೆ ಸಿಮೆಂಟು ಬಿಡಿಸಿದಳು, ಗೋಡೆಯನ್ನು ಒಣಗಲು ಬಿಟ್ಟಳು, ಹೊಂಡದ ಸುಣ್ಣ ತೆಗೆದು ಗಚ್ಚು ಕಲಸಿದಳು. ಆಳು ಸಾಲದೆ ನಾನೂ ಸೆರಗು ಸಿಕ್ಕಿಸಿ ಬುಟ್ಟಿ ಹೊತ್ತೆ. ಸಂಜೆಗೆ ನನ್ನ ಕೈಯೆಲ್ಲ ಉರಿಯುತ್ತಿತ್ತು. ಒಂದು ದಿನಕ್ಕೇ ಹೀಗಾದರೆ ಎಂದುಕೊಂಡೆ.

ಮಳೆಗಾಲ ಕಳೆದ ಮೇಲೆ ಮತ್ತೆ ಹೋದೆ. ಹೊಸ ಗಚ್ಚಿನ ಮೇಲೆ ಉಪ್ಪಿನ ಬಿಳಿ ಹೂವು ಎದ್ದಿತ್ತು. ತೇವ ಅಲ್ಲಿಂದಲೇ ಹೊರಗೆ ಹೋಗುತ್ತಿತ್ತು. ಮೇಲೆ ಹೊಳೆ ಹಾಗೇ ಇತ್ತು, ಹರಗೋಲಿನವನು ಇನ್ನೂ ಮಲಗಿದ್ದ. ಸೊಸೆ ಗೋಡೆಯನ್ನು ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ ಬಹಳ ಹೊತ್ತು ಕೇಳಿದಳು.

"ಏನಂತೈತಿ?" ಎಂದೆ.

"ಆರಾಮ ಐತ್ರಿ" ಎಂದಳು.