ಮಾಡದಕೆರೆಯ ಹುಲ್ಲು ತಿರುಗಿ ಹೋದದ್ದು

ಎದುರುಮನೆ ದೊಡ್ಡಮ್ಮನ ಎಡಗಿವಿಯ ಹಾಲೆ ಸೀಳಿತ್ತು. ಎಳೆ ವಯಸ್ಸಿನಲ್ಲಿ ಎಮ್ಮೆ ತಲೆ ಕೊಡವಿದಾಗ ಜುಮಕಿ ಕೊಂಬಿಗೆ ಸಿಕ್ಕಿ ಹರಿದದ್ದಂತೆ. ಆಮೇಲೆ ಜುಮಕಿ ಬಲಗಿವಿಗೊಂದೇ. ಯಾರಾದರೂ ನಕ್ಕರೆ, "ಒಂದು ಕಿವಿ ಒಡವೆಗೆ, ಇನ್ನೊಂದು ಓಣಿ ಪಂಚಾಯ್ತಿಗೆ ಐತೆ ಬಿಡ್ರಿ" ಅನ್ನುತ್ತಿದ್ದಳು.

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಸೊಸೆಯಾಗಿ ಬಂದ ನನಗೆ ಆ ಬಾಯಿ ಕಂಡರೆ ಭಯ. ಬೇಸಿಗೆ ಬಂತೆಂದರೆ ಮನೆಮನೆಗೂ ನುಗ್ಗಿ ಒಲೆ ಆರಿಸಿದ್ದಾರೆಯೇ, ಬಾಗಿಲಲ್ಲಿ ನೀರಿನ ಹರವಿ ತುಂಬಿದೆಯೇ ಎಂದು ನೋಡುವಳು. ಓಣಿ ತುಂಬ ಹುಲ್ಲಿನ ಸೂರುಗಳು. ಬೆಟ್ಟದ ಗಾಳಿಗೆ ಒಂದು ಕಿಡಿ ಹಾರಿದರೆ ಸಾಲಿಗೆ ಸಾಲೇ ಹೋಗುತ್ತಿತ್ತು.

ಠಾಣೆಯ ಜಮಾದಾರನನ್ನು ಕರೆಸಿ, ಓಣಿಯವರನ್ನೆಲ್ಲ ಕೂರಿಸಿ ಕರಾರು ಮಾಡಿಸಿದವಳು ಅವಳೇ. ಬೆಂಕಿ ಬಿದ್ದಾಗ ಗಾಳಿ ನೋಡಿ ಜಮಾದಾರ ಯಾವ ಸೂರು ತೋರಿಸುತ್ತಾನೋ ಅದನ್ನು ಕೊಕ್ಕೆ ಹಾಕಿ ಕಿತ್ತು, ಬೆಂಕಿಯ ದಾರಿ ಕಡಿಯಬೇಕು. ಕಿತ್ತ ಸೂರನ್ನು ಓಣಿಯೆಲ್ಲ ಸೇರಿ ಹೊದಿಸಿಕೊಡಬೇಕು. ಮೂಲೆ ಅಂಗಡಿಯ ಸಾಹುಕಾರರು ಮಾತ್ರ, "ನಮ್ದು ಹೆಂಚಿನ ಮನೆ. ನಮಗ್ಯಾಕ್ರಿ ಹುಲ್ಲಿನ ಉಸಾಬರಿ?" ಎಂದು ಎದ್ದು ಹೋದರು.

ಮರುವರ್ಷ ಮಟಮಟ ಮಧ್ಯಾಹ್ನ ಓಣಿಯ ಕೊನೆಯ ಕೊಟ್ಟಿಗೆ ಹತ್ತಿಕೊಂಡಿತು. ಜಮಾದಾರ ತೋರಿಸಿದ್ದು ದೊಡ್ಡಮ್ಮನ ಸೂರನ್ನೇ. "ಏನ್ ನೋಡ್ತೀರಿ? ಎಳೀರಿ!" ಎಂದಳು. ಎಳೆದರು. ಅಷ್ಟರಲ್ಲಿ ಗಾಳಿ ತಿರುಗಿತು. ಬೆಂಕಿ ಬಯಲ ಕಡೆ ಹೋಗಿ ತಾನೇ ಆರಿತು.

ಸುಮ್ಮನೆ ಸೂರು ದಂಡವಾಯಿತಲ್ಲ ಎಂದು ಜನ ಗುಸುಗುಸು ಮಾತಾಡಿದರು. ಹುಲ್ಲು ಮಾತ್ರ ಯಾರೂ ತರಲಿಲ್ಲ. ಸುದ್ದಿ ತಿಳಿದು ಮಾಡದಕೆರೆಯ ತವರಿನಿಂದ ಅವಳ ತಮ್ಮ ಗಾಡಿ ತುಂಬ ಹುಲ್ಲು ಹೇರಿಕೊಂಡು ಬಂದ. ದೊಡ್ಡಮ್ಮ ಎತ್ತುಗಳಿಗೆ ನೀರು ಕುಡಿಸಿ, ತಮ್ಮನಿಗೆ ಉಣ್ಣಲಿಕ್ಕಿ, ಗಾಡಿಯನ್ನು ಹಾಗೆಯೇ ತಿರುಗಿಸಿ ಕಳಿಸಿದಳು. ನನಗೆ ತಡೆಯಲಾಗಲಿಲ್ಲ.

"ಬಿಸಿಲಲ್ಲಿ ಸಾಯ್ತೀಯಲ್ಲ ದೊಡ್ಡಮ್ಮ!" ಅಂದೆ.

"ಲೇ ಹುಚ್ಚಿ, ತವರಿನ ಹುಲ್ಲು ಹೊದಿಸ್ಕಂಡ್ರೆ ನನ್ನ ಮನೆ ತಂಪಾಗ್ತೈತೆ, ಕರಾರು ಮುರೀತೈತೆ. ನಾಳೆ ನಿನ್ನ ಸೂರು ಕೀಳಾಕೆ ಬಂದ್ರೆ ನೀನು ಬಿಡ್ತೀಯೇನು?"

ಬಾಗಿಲು ಹಾರುಹೊಡೆದು, ತಲೆಗೆ ಸೆರಗು ಹೊದ್ದು, ಸೂರಿಲ್ಲದ ಮನೆಯಲ್ಲಿ ಕೂತು ರೊಟ್ಟಿ ತಟ್ಟಿದಳು. ಓಣಿಯಲ್ಲಿ ಓಡಾಡುವವರೆಲ್ಲ ತಲೆ ತಗ್ಗಿಸಿ ಹೋಗುವಂತಾಯಿತು. ಎಂಥ ಹಟಮಾರಿ! ನನಗಂತೂ ಸಿಟ್ಟೇ ಬಂದಿತ್ತು. ಕೊನೆಗೆ ನಾಚಿಕೆ ತಾಳಲಾರದೆ ಮೊದಲ ಹೊರೆ ಕಳಿಸಿದವರು ಹೆಂಚಿನ ಮನೆಯ ಸಾಹುಕಾರರು. ಅವರ ಹಿಂದೆ ಎಲ್ಲರೂ ಬಂದರು. "ದಂಡ ಆತು ಅಂತ ಕೊರಗಬ್ಯಾಡ್ರಿ. ದಂಡ ಆತು ಅಂದ್ರೆ ಓಣಿ ಉಳೀತು ಅಂತ ತಿಳ್ಕಳ್ರಿ" ಎಂದು ಅವರಿಗೇ ಬುದ್ಧಿ ಹೇಳಿದಳು.

ಕೆಲವು ವರ್ಷಗಳ ಮೇಲೆ, ಒಂದು ಚಳಿಗಾಲ, ಸಣ್ಣ ಜ್ವರವೆಂದು ಮಲಗಿದವಳು ಏಳಲೇ ಇಲ್ಲ. ಅದರ ಮುಂದಿನ ಬೇಸಿಗೆಯಲ್ಲಿ ಮತ್ತೆ ಬೆಂಕಿ ಬಿತ್ತು. ಜಮಾದಾರನ ಕೈ ಈ ಸಲ ನಮ್ಮ ಮನೆಯತ್ತ ತಿರುಗಿತು. ಅತ್ತೆ ಎದೆ ಬಡಿದುಕೊಂಡರು. ನಾನು ಕೂಸನ್ನೆತ್ತಿಕೊಂಡು ಹೊರಗೆ ಬಂದು, "ಎಳೀರಿ" ಎಂದೆ. ಕಣ್ಣೆದುರೇ ಸೂರು ಕುಸಿಯಿತು, ಬೆಂಕಿ ಅಲ್ಲಿಗೇ ನಿಂತಿತು. ಆಗ ನನಗೆ ಅಳು ಬರಲಿಲ್ಲ.

ಹೊತ್ತು ಮುಳುಗುವ ಮೊದಲೇ, ಯಾರೂ ಹೇಳದೆ, ನಮ್ಮ ಬಾಗಿಲಿಗೆ ಹುಲ್ಲಿನ ಹೊರೆಗಳು ಬಂದು ಬಿದ್ದವು. ಎದುರುಮನೆಯ ಕಡೆ ನೋಡಿ ಅತ್ತುಬಿಟ್ಟೆ.