ಮಿಸ್ತ್ರಿ ಕಾಕಾ ತೆರೆಯದೆ ಬಿಟ್ಟ ಬಾನೆಟ್

ಮಿಸ್ತ್ರಿ ಕಾಕಾನ ಬಲಗೈ ಹೆಬ್ಬೆರಳಿನ ಉಗುರು ಹುಣಸೆ ಬೀಜದ ಹಾಗೆ ಕರ್ರಗೆ ಮಿಂಚುತ್ತಿತ್ತು. ಯಾವಾಗಲೋ ಜಾಕ್ ಜಾರಿ ಜಜ್ಜಿದ್ದಂತೆ. ಆ ಉಗುರಿನಿಂದಲೇ ಗಾಡಿಯ ತಗಡನ್ನು ಟಕಟಕ ಬಡಿದು, ಎಲ್ಲಿ ತೂತು ಮುಚ್ಚಿ ಬಣ್ಣ ಬಳಿದಿದ್ದಾರೆ ಅಂತ ಹೇಳಿಬಿಡುತ್ತಿದ್ದರು. ಕಮಲಾಪುರದ ಕೆಂಪು ಬಾಳೆಹಣ್ಣಿನ ಸಿಪ್ಪೆ ಸೀಳುವುದೂ ಅದೇ ಉಗುರಿನಿಂದ.

ಕಪನೂರಿನಲ್ಲಿ ಅವರ ಗ್ಯಾರೇಜು, ತಾಜಸುಲ್ತಾನಪುರದಲ್ಲಿ ಮನೆ. ನನಗೆ ರಕ್ತಸಂಬಂಧವೇನಲ್ಲ. ಡಿಗ್ರಿ ಮುಗಿಸಿ ಕಲಬುರಗಿಯ ರಸ್ತೆ ಸವೆಸುತ್ತ ತಿರುಗುತ್ತಿದ್ದವನನ್ನು ಹಿಡಿದು ಕೂರಿಸಿ, ಕೈಗೆ ನಟ್ಟು ಬಿಚ್ಚುವ ಪಾನಾ ಕೊಟ್ಟು ಕೆಲಸ ಕಲಿಸಿದರು, ಸ್ಟೇರಿಂಗ್ ಹಿಡಿಸಿದರು. ಊರಲ್ಲಿ ಹೊಸ ಗಾಡಿಗಳ ಶೋರೂಮು ಶುರುವಾದಾಗ ಮಾಲೀಕರ ಮುಂದೆ ನಿಂತು, "ನಮ್ಮ ಹುಡುಗ ಇದ್ದಾನ್ರೀ. ಸುಳ್ಳು ಹೇಳಂಗಿಲ್ಲ" ಅಂತ ನೌಕರಿ ಕೊಡಿಸಿದರು. ಆ ಮಾತು ನೆನಪಾದರೆ ಈಗಲೂ ತಲೆ ಎತ್ತಲಾಗುವುದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಇಡೀ ಮನೆಮಂದಿ ಕೂರುವಂಥ ಸಣ್ಣ ಎಸ್‌ಯುವಿ ಗಾಡಿಗಳು ಬಂದಿದ್ದವು. ಎಸ್‌ಯುವಿ ಅನ್ನುವುದು ನಮ್ಮ ಕಾಗದದಲ್ಲಷ್ಟೇ, ಮಂದಿಯ ಬಾಯಲ್ಲಿ ಎಲ್ಲವೂ ಜೀಪೇ. ನಾನು ಟೈ ಕಟ್ಟಿಕೊಂಡು ಪವರ್ ಸ್ಟೇರಿಂಗು, ಏಸಿ, ಮೈಲೇಜು ಅಂತ ಗಿಳಿಪಾಠ ಒಪ್ಪಿಸುತ್ತಿದ್ದೆ. ಗಿರಾಕಿಗಳು ಎಲ್ಲ ಕೇಳಿ, "ಭಾಳ ಛಲೋ ಅದರೀ. ಮಿಸ್ತ್ರಿಗೆ ಕರಕೊಂಡು ಬರ್ತೀವಿ" ಅಂತ ಎದ್ದು ಹೋಗುತ್ತಿದ್ದರು. ನನ್ನ ಟೈಗೆ ಅಷ್ಟೇ ಮರ್ಯಾದೆ!

ಮಿಸ್ತ್ರಿ ಕಾಕಾ ಗಾಡಿ ನೋಡುವ ರೀತಿಯೇ ಬೇರೆ. ಕೊಳ್ಳುವವರ ಮನೆಯವರೆಲ್ಲ ಹತ್ತಬೇಕು, ಮುದುಕಿ, ಕೂಸು ಸಮೇತ. ಮೇಲೆ ಕ್ಯಾರಿಯರಿನಲ್ಲಿ ಒಂದು ಚೀಲ ಜೋಳ. "ಡ್ರೈವರ್ ಒಬ್ಬನೇ ಕುಂತ್ರ ಎಲ್ಲಾ ಗಾಡಿನೂ ಓಡ್ತಾವ. ಮಂದಿ ಕುಂತಾಗ ನೋಡಬೇಕು" ಅನ್ನುತ್ತಿದ್ದರು. ತಾವು ಕಟ್ಟಕಡೆಯ ಅಡ್ಡ ಸೀಟಿನಲ್ಲಿ ಮೊಣಕಾಲು ಮಡಚಿ, ಕಣ್ಣು ಮುಚ್ಚಿ, ಅಂಗೈಯನ್ನು ನೆಲಕ್ಕೆ ಊರಿ ಕೂರುತ್ತಿದ್ದರು. ಮಹಾಗಾಂವ ದಾಟಿ, ಕಮಲಾಪುರದ ಆಚೆಯ ಏರು ಹತ್ತಿಸಿ ತಿರುಗಿಸಬೇಕು. ಬರುವಾಗ ಕಮಲಾಪುರದ ಹಣ್ಣಿನ ಬಂಡಿಯ ಹತ್ತಿರ ಗಾಡಿ ನಿಲ್ಲುತ್ತಿತ್ತು. ಮನಸ್ಸಿಗೆ ಬಂದರೆ ತಮ್ಮ ರೊಕ್ಕದಲ್ಲೇ ಕೆಂಪು ಬಾಳೆಹಣ್ಣು ಕೊಂಡು ಎಲ್ಲರಿಗೂ ಒಂದೊಂದು ಕೊಡುತ್ತಿದ್ದರು. ಬರದಿದ್ದರೆ ಬರೀ ನೀರು ಕುಡಿದು ಸುಮ್ಮನೆ ಬಂದು ಕೂರುತ್ತಿದ್ದರು. ಯಾರೂ ಕಾರಣ ಕೇಳುತ್ತಿರಲಿಲ್ಲ. ಮರುದಿನ ಶೋರೂಮಿನಲ್ಲಿ ಮಾಲೀಕರು ನನಗೆ ಕೇಳುತ್ತಿದ್ದದ್ದು ಒಂದೇ ಮಾತು: "ಹಣ್ಣು ಕೊಟ್ರೇನು?"

ಬಾನೆಟ್ ತೆರೆದು ನೋಡದೆ ಅವರು ಯಾವ ಗಾಡಿಯನ್ನೂ ಪಾಸು ಮಾಡುತ್ತಿರಲಿಲ್ಲ, ತಮ್ಮ ಕೈಯಲ್ಲಿ ಕಲಿತವನು ತಂದ ಗಾಡಿಯೊಂದನ್ನು ಬಿಟ್ಟು. "ನಾನೇ ಕಲಿಸಿದಂವ. ತೆರದು ನೋಡಿದ್ರ ಅವನ ಬಾಯಾಗ ಕೈ ಹಾಕಿ ನೋಡಿದಂಗ ಆಗ್ತದ" ಅನ್ನುತ್ತಿದ್ದರು. ನಾನು ಕೈ ಹಾಕಿದ್ದು ಅಲ್ಲೇ.

ಕಮಲಾಪುರದ ಹೈಸ್ಕೂಲ್ ಮಾಸ್ತರರೊಬ್ಬರಿಗೆ ಗಾಡಿ ಬೇಕಿತ್ತು. ಮನೆಯಲ್ಲಿ ಏಳು ಮಂದಿ, ಮುದುಕಿ ತಾಯಿಗೆ ಬಸ್ಸು ಹತ್ತಲಾಗುತ್ತಿರಲಿಲ್ಲ. ನಮ್ಮಲ್ಲಿ ಒಂದೇ ರೂಪದ ಎರಡು ಗಾಡಿಗಳಿದ್ದವು. ಒಂದಕ್ಕೆ ಟರ್ಬೊ ಇಂಜಿನ್, ಏರಿನಲ್ಲಿ ಜಗ್ಗುವ ತಾಕತ್ತು, ಬೆಲೆ ಹೆಚ್ಚುಕಡಿಮೆ ಒಂದು ಲಕ್ಷ ಜಾಸ್ತಿ. ಇನ್ನೊಂದಕ್ಕೆ ಸಾದಾ ಇಂಜಿನ್. ಮಾಸ್ತರರ ಕೈಗೆ ಎಟುಕುತ್ತಿದ್ದದ್ದು ಸಾದಾ. ಅಂಥದ್ದೊಂದು ಗಾಡಿ ಯಾರೂ ಕೊಳ್ಳದೆ ಅಂಗಳದಲ್ಲಿ ಧೂಳು ತಿನ್ನುತ್ತಿತ್ತು. "ಈ ತಿಂಗಳು ಅದು ಹೋಗಬೇಕು, ಇಲ್ಲಾಂದ್ರ ನೀ ಹೋಗಬೇಕು" ಅಂದಿದ್ದರು ಮಾಲೀಕರು.

ತೋರಿಸಲು ಇಟ್ಟಿದ್ದ ಟರ್ಬೊ ಗಾಡಿಯ ಹಿಂಬಾಗಿಲಿನಿಂದ ಆ ಹೆಸರಿನ ಅಕ್ಷರಗಳನ್ನು ನಾನೇ ಕಿತ್ತೆ. ಅಂಟಿನ ಕಲೆ ಹೋಗಲೆಂದು ಸೀಮೆಎಣ್ಣೆ ಹಚ್ಚಿ ಉಜ್ಜಿದೆ. ಅದನ್ನೇ ಸಾದಾ ಗಾಡಿ ಅಂತ ಒಯ್ದೆ.

ಏಳು ಮಂದಿ, ಜೋಳದ ಚೀಲ, ಎಲ್ಲ ಹೊತ್ತುಕೊಂಡು ಗಾಡಿ ಸರ್ರನೆ ಏರಿತು. ಹಿಂದಿನಿಂದ ಕಾಕಾ ಕಣ್ಣು ತೆರೆದು, "ಏನೋ ಸಿಳ್ಳು ಹೊಡದಂಗ ಕೇಳ್ತದಲ್ಲ?" ಅಂದರು.

"ಏಸಿ ಬೆಲ್ಟ್ ಅದ ಕಾಕಾ. ಹೊಸಾದು." ಸಿಳ್ಳು ಟರ್ಬೊದ್ದು.

"ಮಾಸ್ತರಿಗೆ ಕೊಡೋದೂ ಇದೇ ಇಂಜಿನ್ನೇನು?"

"ಇದೇರೀ."

ಕಮಲಾಪುರದಲ್ಲಿ ಇಳಿದು ಬಾನೆಟ್ ಮೇಲೆ ಕೈಯಿಟ್ಟರು. ಕರಿ ಉಗುರು ಒಮ್ಮೆ ಟಕ್ ಅಂತ ಬಡಿಯಿತು. ನನ್ನ ಮುಖ ನೋಡಿದರು, ಕೈ ತೆಗೆದರು, ಹಣ್ಣಿನ ಬಂಡಿಯ ಕಡೆ ನಡೆದರು. ನನಗೂ ಒಂದು ಹಣ್ಣು ಕೊಟ್ಟರು. ತಿಂದೆ ನಾನು, ಛೀ, ರುಚಿಯಾಗಿಯೇ ಇತ್ತು.

ತಿಂಗಳೊಳಗೆ ಮಾಸ್ತರರು ಕೊಂಡ ಸಾದಾ ಗಾಡಿಯಲ್ಲಿ ಮದುವೆಗೆಂದು ಮನೆಮಂದಿಯನ್ನು ಕೂರಿಸಿಕೊಂಡು ಹೊರಟಾಗ ಅದೇ ಏರಿನಲ್ಲಿ ಗಾಡಿ ಉಸಿರು ಬಿಟ್ಟಿತು. ಹೆಂಗಸರು ರೇಷ್ಮೆ ಸೀರೆ ಎತ್ತಿಕೊಂಡು ಇಳಿದು ನಡೆದರು. ಹಿಂದಿನ ಲಾರಿಯವರು ನಕ್ಕರು. ಮರುದಿನ ಮಾಸ್ತರರು ಗಾಡಿ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿ, ನಾಲ್ಕು ಮಂದಿಯ ಎದುರು ಕೇಳಿದರು: "ಶೋರೂಮಿನವರು ನಿಮಗ ಎಷ್ಟು ತಿನಿಸಿದ್ರು, ಮಿಸ್ತ್ರಿ?"

ನಾನು ಚಹಾ ಕುಡಿಯುತ್ತ ಅಲ್ಲೇ ನಿಂತಿದ್ದೆ. ಕಾಕಾ ಬಾನೆಟ್ ಎತ್ತಿ ನೋಡಿದರು. ಬಹಳ ಹೊತ್ತೇನೂ ಹಿಡಿಯಲಿಲ್ಲ. ಮೆಲ್ಲಗೆ ಮುಚ್ಚಿ, ನನ್ನ ಕಡೆ ಒಮ್ಮೆ ನೋಡಿ, "ತಪ್ಪು ನಂದದರೀ ಮಾಸ್ತರ್. ನಾ ತೆರದು ನೋಡಬೇಕಿತ್ತು" ಅಂದರು. ನನ್ನ ಹೆಸರು ಹೇಳಲಿಲ್ಲ. ನಾನು ಲೋಟ ಕೆಳಗಿಟ್ಟು ಜಾಗ ಖಾಲಿ ಮಾಡಿದೆ.

ಆಮೇಲೆ ಗಾಡಿ ನೋಡಲು ಅವರನ್ನು ಯಾರೂ ಕರೆಯಲಿಲ್ಲ. ಮಾಸ್ತರರಂತೂ ರಸ್ತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ನಾನು ಮಾತ್ರ ನೌಕರಿಯಲ್ಲಿ ಗಟ್ಟಿಯಾದೆ.

ಮೂರು ವರ್ಷದ ಮೇಲೆ ಕಾಕಾ ಹಾಸಿಗೆ ಹಿಡಿದರೆಂದು ಕೇಳಿ, ಕೆಂಪು ಬಾಳೆಹಣ್ಣು ತಗೊಂಡು ತಾಜಸುಲ್ತಾನಪುರಕ್ಕೆ ಹೋದೆ. ಅವತ್ತು ಎಲ್ಲ ಹೇಳಿ ಅತ್ತುಬಿಟ್ಟೆ.

"ಗೊತ್ತದ" ಅಂದರು. "ನನಗ ಹೇಳಿ ಏನ್ ಮಾಡ್ತಿ? ಮಾಸ್ತರಿಗೆ ಹೇಳು." ತಮ್ಮ ಹೆಂಡತಿ, ನಮ್ಮ ಕಾಕಿಗೆ ಒಂದು, ಮೊಮ್ಮಗಳಿಗೆ ಒಂದು ಹಣ್ಣು ಕೊಟ್ಟರು. ನನಗೆ ಕೊಡಲಿಲ್ಲ. ಒಂದನ್ನು ದಿಂಬಿನ ಪಕ್ಕ ಇಟ್ಟುಕೊಂಡು, "ಹೇಳಿ ಬಾ. ನಿಂದು ಇಟ್ಟಿರ್ತೀನಿ" ಅಂದರು.

ನಾಳೆ ಹೋಗೋಣ ಅಂದುಕೊಂಡೆ. ಮರುದಿನ ಡೆಲಿವರಿ ಇತ್ತು. ಅದರ ಮರುದಿನ ಧೈರ್ಯ ಇರಲಿಲ್ಲ. ಮಾಸ್ತರರು ಶೋರೂಮಿಗೇ ಬಂದು ಕೂಗಾಡಿದರೆ ಏನು ಗತಿ ಅಂತ ಲೆಕ್ಕ ಹಾಕುತ್ತ ಕೂತೆ. ಐದನೆಯ ದಿನ ಬೆಳಿಗ್ಗೆ ಕಾಕಾ ತೀರಿಕೊಂಡ ಸುದ್ದಿ ಬಂತು.

ಮಣ್ಣು ಮುಗಿಸಿ ಬಂದಾಗ ಕಾಕಿ ಒಳಗಿನಿಂದ ಕಪ್ಪಿಟ್ಟ ಹಣ್ಣೊಂದನ್ನು ತಂದು ನನ್ನ ಕೈಯಲ್ಲಿಟ್ಟರು. "ನಿಂದಂತ ನೋಡಪ್ಪ. ಮೊಮ್ಮಗಳು ಅತ್ತರೂ ಕೊಡಲಿಲ್ಲ."

ಅದನ್ನು ಹಿಡಿದುಕೊಂಡೇ ಕಮಲಾಪುರದ ಬಸ್ಸು ಹತ್ತಿದೆ. ಮಾಸ್ತರರು ಮನೆಯ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಬೈಯಲಿ, ಹೊಡೆಯಲಿ ಅಂತ ಕಾದೆ. ಅವರು ಕನ್ನಡಕ ತೆಗೆದು ಪೇಪರಿನ ಮೇಲಿಟ್ಟರು.

"ಮಣ್ಣು ಯಾವಾಗ?"

"ಆತ್ರೀ. ಮಧ್ಯಾಹ್ನನೇ ಆತು."

"ನಿನ್ನಿ ಹೇಳಿದ್ರ," ಅಂದರು ಮಾಸ್ತರರು, "ನಾ ಹೆಗಲು ಕೊಡ್ತಿದ್ದೆನಲ್ಲೋ."